ಹೊತ್ತು ಮುಳುಗುವ ಮೊದಲು

ಫಾಲ್ಗುಣದ ಅಷ್ಟಾಹ್ನಿಕ ಪರ್ವ ಮುಗಿದು ಹುಣ್ಣಿಮೆ ದಾಟಿತೆಂದರೆ ಶ್ರಾವಕರ ಅಡುಗೆಮನೆಯಲ್ಲಿ ಒಂದು ಸಣ್ಣ ಬದಲಾವಣೆ ಆಗುತ್ತದೆ. ಚಳಿಗಾಲದಲ್ಲಿ 7 ದಿನ ನಡೆಯುತ್ತಿದ್ದ ಹಿಟ್ಟಿನ ಮರ್ಯಾದೆ ಅಂದಿನಿಂದ 5 ದಿನಕ್ಕೆ ಇಳಿಯುತ್ತದೆ. ಮುಂದೆ ಮಳೆಗಾಲದಲ್ಲಿ ಅದು 3 ದಿನಕ್ಕೆ ಬರುತ್ತದೆ. ಗಿರಣಿಗೆ ಹೋಗುವ ಜೋಳದ ಗಂಟು ಸಣ್ಣದಾಗುತ್ತದೆ, ಹಿಟ್ಟಿನ ಡಬ್ಬಿ ಬೇಗ ಬೇಗ ಬರಿದಾಗುತ್ತದೆ. ವಸಂತದ ಸುದ್ದಿಯನ್ನು ಕೋಗಿಲೆ ತರುತ್ತದೆಂದು ಶಾಲೆಯ ಪುಸ್ತಕದಲ್ಲಿ ಓದಿದ್ದೆವು. ನಮ್ಮಂಥವರ ಮನೆಗಳಿಗೆ ಆ ಸುದ್ದಿಯನ್ನು ಮೊದಲು ತರುವುದು ಹಿಟ್ಟಿನ ಡಬ್ಬಿಯೇ. ಕೋಗಿಲೆ ಆಮೇಲೆ ಕೂಗುತ್ತದೆ.

ನಮ್ಮ ಯಳವಿ ಜತ್ತ ತಾಲೂಕಿನ ಊರು. ಸಾಂಗಲಿ ಜಿಲ್ಲೆ ಎಂದೊಡನೆ ಹೊರಗಿನವರ ಕಣ್ಣಮುಂದೆ ಕೃಷ್ಣಾ ನದಿ, ಕಬ್ಬು, ಅರಿಸಿನ ಬರುತ್ತವೆ. ಜಿಲ್ಲೆಯ ಪೂರ್ವಕ್ಕಿರುವ ಜತ್ತದ ಕಡೆ ಹಾಗಿಲ್ಲ. ಇದು ಮಳೆನೆರಳಿನ ನಾಡು. ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆಯಾದರೆ ನಮ್ಮ ರೈತರು ಕೈ ಮುಗಿಯುತ್ತಾರೆ. 1972ರ ಬರವನ್ನು ಕಂಡವರು ಈಗಲೂ ತಮ್ಮ ಮದುವೆ, ಮಕ್ಕಳ ಹುಟ್ಟು ಎಲ್ಲವನ್ನೂ ‘ಬರದ ಮುಂಚೆ’, ‘ಬರದ ನಂತರ’ ಎಂದೇ ಎಣಿಸುತ್ತಾರೆ. ಮ್ಹೈಸಾಳ ಏತ ನೀರಾವರಿ ಯೋಜನೆಯಿಂದ ಕೃಷ್ಣೆಯ ನೀರು ತಾಲೂಕಿನ ಕೆಲವು ಭಾಗಗಳಿಗೆ ಬಂದಿದೆ. ಬಂದ ಕಡೆ ದ್ರಾಕ್ಷಿ, ದಾಳಿಂಬೆ ತೋಟಗಳೆದ್ದಿವೆ. ಆದರೂ ಚೈತ್ರ ಬಂತೆಂದರೆ ಇಲ್ಲಿ ಕೊಡದ ಲೆಕ್ಕ ಶುರುವಾಗುತ್ತದೆ. ಪಂಪ ಮಹಾಕವಿ ಬನವಾಸಿಯ ಮಾವು ಮಲ್ಲಿಗೆಗಳನ್ನು ಕೊಂಡಾಡಿದ್ದಾನೆ. ಅಂಥ ವಸಂತವನ್ನು ನಾವು ಇಲ್ಲಿ ಹುಡುಕಿದರೆ ಸಿಗದು.

ಹಾಗೆಂದು ನಮ್ಮ ಪಾಲಿನ ವಸಂತ ಬಡದೂ ಅಲ್ಲ. ಎಲೆಯುದುರಿಸಿ ನಿಂತ ಬೇವು ಹದಿನೈದು ದಿನದೊಳಗೆ ತಾಮ್ರವರ್ಣದ ಚಿಗುರು ಹೊದ್ದು, ಹಿಂದೆಯೇ ಹೂ ಬಿಡುತ್ತದೆ. ರಾತ್ರಿ ಮರದ ಕೆಳಗೆ ಒಂದು ಹಳೆಯ ಧೋತರ ಹಾಸಿಟ್ಟರೆ ಬೆಳಿಗ್ಗೆ ಅದರ ತುಂಬ ಹೂ ಉದುರಿರುತ್ತದೆ. ಟೊಂಗೆ ಮುರಿಯುವ ಕೆಲಸವಿಲ್ಲ, ಮರ ತಾನಾಗಿ ಕೊಟ್ಟದ್ದು. ಅದರ ಸಂಗಡ ಬೆಲ್ಲ, ಹೊಸ ಹುಣಸೆ, ಪುಠಾಣಿ ಹಿಟ್ಟು, ಮಾವಿನಕಾಯಿಯ ಚೂರು, ಒಣದ್ರಾಕ್ಷಿ ಕೂಡಿಸಿ ನೀರಿನಲ್ಲಿ ಕದಡಿದರೆ ಯುಗಾದಿಯ ಬೇವು ಸಿದ್ಧ. ನಮ್ಮ ಕಡೆ ಬೇವನ್ನು ಕುಡಿಯುತ್ತೇವೆ. ಮೈಸೂರು ಕಡೆಯವರಂತೆ ಚಿಟಿಕೆ ತಿಂದು ಬಿಡುವುದಿಲ್ಲ. ಬಟ್ಟಲು ಖಾಲಿಯಾಗುವವರೆಗೆ ಕಹಿಯೂ ಸಿಹಿಯೂ ಒಟ್ಟಿಗೇ ಗಂಟಲಿಗಿಳಿಯಬೇಕು.

ಇಲ್ಲಿ ಕೆಲವು ಧರ್ಮಬಂಧುಗಳು ಕೇಳಬಹುದು. ನಮ್ಮದು ವೈರಾಗ್ಯದ ಮಾರ್ಗ. ಶ್ರಾವಕನು ಋತುವಿನ ಸುಖಗಳನ್ನು ಹೀಗೆ ಎಣಿಸುತ್ತ ಕೂಡುವುದು ಸರಿಯೇ? ಪ್ರಶ್ನೆ ಯೋಗ್ಯವಾದದ್ದು. ಉತ್ತರಕ್ಕೆ ದೂರ ಹೋಗಬೇಕಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಬಹಳ ಮನೆಗಳಲ್ಲಿ ಇದೆ. ಅದರಲ್ಲಿ ಭೋಗೋಪಭೋಗ ಪರಿಮಾಣ ವ್ರತದ ವಿಷಯ ಬರುತ್ತದೆ. ಒಮ್ಮೆ ಅನುಭವಿಸಿ ಮುಗಿದುಹೋಗುವುದು ಭೋಗ: ಊಟ, ಹೂವು, ಗಂಧ. ಮತ್ತೆ ಮತ್ತೆ ಬಳಸಲು ಬರುವುದು ಉಪಭೋಗ: ಬಟ್ಟೆ, ಒಡವೆ, ಮನೆ. ಗೃಹಸ್ಥನಿಗೆ ಆಚಾರ್ಯರು ಎರಡನ್ನೂ ಪೂರ್ತಿ ಬಿಡೆಂದು ಹೇಳಿಲ್ಲ. ಅಳತೆ ಇಟ್ಟುಕೋ ಎಂದಿದ್ದಾರೆ. ವ್ಯಾಪಾರಿಗೆ ಈ ಮಾತು ಬೇಗ ತಿಳಿಯುತ್ತದೆ. ಅಳತೆಯಿಲ್ಲದೆ ಯಾವ ಅಂಗಡಿ ನಡೆದೀತು?

ವಸಂತದ ಸುಖಗಳನ್ನು ಆ ತಕ್ಕಡಿಯಲ್ಲಿಟ್ಟು ನೋಡಿದರೆ ಬಹುಪಾಲು ಭೋಗದ ಕಡೆಗೇ ತೂಗುತ್ತವೆ. ಬೇವಿನ ಗಾಳಿಯನ್ನು ಚೀಲದಲ್ಲಿ ಕಟ್ಟಿಡಲು ಬರುವುದಿಲ್ಲ. ಸಂಜೆಯ ಬೆಳಕನ್ನು ಗೋದಾಮಿನಲ್ಲಿಟ್ಟು ಧಾರಣೆ ಏರಿದಾಗ ಮಾರಲು ಬರುವುದಿಲ್ಲ. ಅಂದಿನದನ್ನು ಅಂದೇ ಅನುಭವಿಸಬೇಕು, ಇಲ್ಲವೆ ಕಳೆದುಕೊಳ್ಳಬೇಕು. ಕೂಡಿಡಲು ಬಾರದ ವಸ್ತುವಿನಿಂದ ಪರಿಗ್ರಹದ ಭಯವೂ ಕಡಿಮೆ.

ಈ ಸುಖಗಳಲ್ಲೆಲ್ಲ ದೊಡ್ಡದು ಯಾವುದು ಎಂದರೆ ನಾವು ಸಂಜೆಯ ಊಟದ ಪಂಕ್ತಿ ಎನ್ನುತ್ತೇವೆ. ಅದಕ್ಕೆ ಕಾರಣ ಪಂಚಾಂಗದಲ್ಲಿದೆ.

ಕಾರ್ತಿಕ ಕಳೆದು ನವೆಂಬರ್ ಕೊನೆಗೆ ನಮ್ಮ ಊರಿನಲ್ಲಿ ಸೂರ್ಯ 5 ಗಂಟೆ 53 ನಿಮಿಷಕ್ಕೆಲ್ಲ ಮುಳುಗುತ್ತಾನೆ. ಯುಗಾದಿಯ ಸುಮಾರಿಗೆ, ಮಾರ್ಚ್ ಮೂರನೆಯ ವಾರ ದಾಟಿದಾಗ, ಸೂರ್ಯಾಸ್ತ 6 ಗಂಟೆ 40 ನಿಮಿಷಕ್ಕೆ. ನಡುವಿನ ಅಂತರ 47 ನಿಮಿಷ. ಒಂದು ಮುಹೂರ್ತವೆಂದರೆ ಎರಡು ಗಳಿಗೆ, ಅಂದರೆ 48 ನಿಮಿಷ. ಗಾಳಿಸಿದ ನೀರಿನ ಮರ್ಯಾದೆ ಅಷ್ಟೇ, ಒಂದು ಸಾಮಾಯಿಕದ ಕಾಲವೂ ಅಷ್ಟೇ. ಕಟ್ಟುನಿಟ್ಟಿನ ಶ್ರಾವಕರು ಸೂರ್ಯಾಸ್ತಕ್ಕೆ ಎರಡು ಗಳಿಗೆ ಇರುವಾಗಲೇ ಊಟ ಮುಗಿಸುವುದೂ ಅದೇ ಲೆಕ್ಕದಲ್ಲಿ. ಹೀಗೆ ವಸಂತ ಋತುವು ಪ್ರತಿ ಸಂಜೆ ನಮ್ಮ ಖಾತೆಗೆ ಹೆಚ್ಚುಕಡಿಮೆ ಒಂದು ಮುಹೂರ್ತ ಜಮಾ ಮಾಡುತ್ತದೆ. ವೈಶಾಖದ ಕೊನೆಗೆ ಸೂರ್ಯಾಸ್ತ 7ರ ಹತ್ತಿರ ಹೋಗುವುದರಿಂದ ಇನ್ನೂ ಹತ್ತು ಹದಿನೈದು ನಿಮಿಷ ಬಡ್ಡಿಯೂ ಸೇರುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಅಚ್ಚಾದದ್ದು ಮುಂಬಯಿಯ ಸೂರ್ಯಾಸ್ತವಾಗಿದ್ದರೆ ಅದನ್ನು ಹಾಗೆಯೇ ನಂಬಬಾರದು. ನಾವು ಮುಂಬಯಿಗಿಂತ ಪೂರ್ವಕ್ಕಿದ್ದೇವೆ. ವಸಂತದಲ್ಲಿ ನಮ್ಮಲ್ಲಿ ಹೊತ್ತು ಸುಮಾರು 10 ನಿಮಿಷ ಮೊದಲೇ ಮುಳುಗುತ್ತದೆ. ವ್ರತ ಹಿಡಿದವರು ಆ 10 ನಿಮಿಷವನ್ನು ಕಳೆದುಕೊಂಡು ಲೆಕ್ಕ ಹಾಕಬೇಕು.

ಚಳಿಗಾಲದಲ್ಲಿ ಸಂಜೆಯ ಪಂಕ್ತಿ ಕೂಡುವುದು ಕಷ್ಟವೇ. ಶಾಲೆ ಬಿಟ್ಟ ಮಕ್ಕಳು ಮನೆ ಮುಟ್ಟುವಷ್ಟರಲ್ಲಿ, ಹೊಲಕ್ಕೆ ಹೋದವರು ಎತ್ತು ಕಟ್ಟುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಒಬ್ಬರು ನಾಲ್ಕೂವರೆಗೆ ಉಣ್ಣುತ್ತಾರೆ, ಇನ್ನೊಬ್ಬರು ಡಬ್ಬಿ ಒಯ್ಯುತ್ತಾರೆ. ಚೈತ್ರದಲ್ಲಿ ಆ ತೊಂದರೆ ಇಲ್ಲ. ಆರು ಗಂಟೆಗೆ ಎಲೆ ಹಾಕಿದರೂ ಅವಸರವಿಲ್ಲದೆ ಉಂಡು ಕೈ ತೊಳೆಯಬಹುದು. ವರ್ಷದಲ್ಲಿ ಮುದುಕರು, ಮಕ್ಕಳು, ಸೊಸೆಯಂದಿರು, ಅಂಗಡಿಯವರು ಎಲ್ಲರೂ ಹಗಲಿನ ಬೆಳಕಿನಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ ಉಣ್ಣಲು ಇಷ್ಟು ಸಲೀಸಾದ ಕಾಲ ಬೇಸಿಗೆಯದೇ.

ತಾಟಿನಲ್ಲಿ ದೊಡ್ಡ ಪದಾರ್ಥಗಳೇನೂ ಬೇಡ. ಹೊಸ ಜೋಳದ ಬಿಸಿ ರೊಟ್ಟಿ, ಹಿತ್ತಿಲ ನುಗ್ಗೇಕಾಯಿಯ ಪಲ್ಯ, ಹೆಸರುಬೇಳೆಯ ಸಾರು, ಸೌತೆಕಾಯಿಯ ಕೋಸಂಬರಿ, ಎಳೆ ಮಾವಿನಕಾಯಿಯ ಚಟ್ನಿ. ಉಳ್ಳಾಗಡ್ಡಿ ಬಳ್ಳೊಳ್ಳಿ ಇಲ್ಲದೆ ರುಚಿ ಬರುವುದಿಲ್ಲವೆಂದು ಹೇಳುವವರು ಒಮ್ಮೆ ಈ ಚಟ್ನಿಯನ್ನು ನಾಲಿಗೆಗೆ ಹಚ್ಚಿಕೊಂಡು ನೋಡಬೇಕು. ಊಟ ನಡೆದಂತೆ ಮೊಮ್ಮಕ್ಕಳು ಪರೀಕ್ಷೆಯ ಪ್ರಶ್ನೆಗಳನ್ನು ಹೇಳುತ್ತಾರೆ, ಸೊಸೆ ತವರಿನಿಂದ ಬಂದ ಫೋನಿನ ಸುದ್ದಿ ಹೇಳುತ್ತಾಳೆ. ಮಾರ್ಚ್ 31ರ ಲೆಕ್ಕದ ಚಿಂತೆ ತಲೆಯಲ್ಲಿದ್ದವನಿಗೂ ಅರ್ಧ ತಾಸು ಕಿರ್ದಿ-ಖತಾವಣಿ ಮರೆಯುತ್ತದೆ.

ಇಷ್ಟು ಸುಲಭವಾಗಿ ಸಿಗುವ ಈ ಪಂಕ್ತಿ ನಮ್ಮ ಸಮಾಜದ ವ್ಯಾಪಾರಿ ಮನೆಗಳಲ್ಲೇ ಕಡಿಮೆಯಾಗುತ್ತಿದೆ. ಕಾರಣ ಎಲ್ಲರಿಗೂ ಗೊತ್ತು. ಬೇಸಿಗೆಯಲ್ಲಿ ಹನ್ನೊಂದರಿಂದ ನಾಲ್ಕರವರೆಗೆ ಓಣಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಬಿಸಿಲು ತಗ್ಗಿದ ಮೇಲೆ ಐದರಿಂದ ಎಂಟರವರೆಗೆ ಗಿರಾಕಿಗಳು ಬರುತ್ತಾರೆ. ವಸಂತವು ಮನೆಯ ಊಟಕ್ಕೆ ಕೊಟ್ಟ ಮುಹೂರ್ತವನ್ನೇ ಅಂಗಡಿಯೂ ಬೇಡುತ್ತದೆ. ಗಾದಿ ಬಿಟ್ಟು ಏಳಲು ಮನಸ್ಸಾಗುವುದಿಲ್ಲ. ‘ನಮ್ಮದೇನು, ರಾತ್ರಿ ಹೋಗಿ ಉಂಡರಾಯಿತು’ ಎಂದು ಗಂಡಸರು ಹೇಳಿಬಿಡುತ್ತಾರೆ. ಹಾಗೆ ಹೇಳುವಾಗ ಆ ಮಾತಿನ ಖರ್ಚು ಯಾರ ಲೆಕ್ಕಕ್ಕೆ ಬೀಳುತ್ತದೆಂದು ನೋಡುವುದಿಲ್ಲ.

ನಮ್ಮ ಬಳಗದ ಒಂದು ಮನೆಯ ಸಂಗತಿ ಹೇಳುತ್ತೇವೆ. ಊರು ಹೆಸರು ಬೇಡ. ಬಟ್ಟೆಯ ಅಂಗಡಿ, ಮನೆತನ ಒಳ್ಳೆಯದು. ಸೊಸೆ ಒಂದು ಚಾತುರ್ಮಾಸದಲ್ಲಿ ಮುನಿಗಳ ಸನ್ನಿಧಿಯಲ್ಲಿ ರಾತ್ರಿಭೋಜನ ತ್ಯಾಗದ ನಿಯಮ ತೆಗೆದುಕೊಂಡಿದ್ದಳು. ಗಂಡ ಉಣ್ಣದೆ ತಾನು ಉಣ್ಣಬಾರದೆಂಬುದು ಅವಳು ತವರಿನಿಂದ ತಂದ ರೂಢಿ. ಅಂಗಡಿಯಿಂದ ಆರು ಗಂಟೆಗೆ ಫೋನು ಬರುತ್ತಿತ್ತು, ‘ಬಂದೆ, ಹತ್ತು ಮಿನಿಟು’ ಎಂದು. ಹತ್ತು ನಿಮಿಷ ಒಂದು ತಾಸಾಗುತ್ತಿತ್ತು. ಹೊತ್ತು ಮುಳುಗಿದ ಮೇಲೆ ಅವಳು ಸುಮ್ಮನೆ ತನ್ನ ತಾಟನ್ನು ಎತ್ತಿಡುತ್ತಿದ್ದಳು. ಎಂಟೂವರೆಗೆ ಬಂದ ಗಂಡನಿಗೆ ನಗುತ್ತಲೇ ಬಡಿಸುತ್ತಿದ್ದಳು. ‘ನೀ ಉಂಡೆಯಾ?’ ಎಂದರೆ ‘ಆತು’ ಎನ್ನುತ್ತಿದ್ದಳು. ಊಟವಾಯಿತೋ, ಊಟದ ವೇಳೆ ಆಗಿಹೋಯಿತೋ, ಆ ‘ಆತು’ದಲ್ಲಿ ಎರಡೂ ಅಡಗಿತ್ತು.

ಇದು ಹೊರಗೆ ಬಂದದ್ದು ಹಿಟ್ಟಿನಿಂದ. ಚಳಿಗಾಲದ 7 ದಿನದ ಹಿಟ್ಟಿನಲ್ಲಿ ಹೆಚ್ಚುಕಡಿಮೆ ತಿಳಿಯುತ್ತಿರಲಿಲ್ಲ. ಫಾಲ್ಗುಣ ಹುಣ್ಣಿಮೆಯ ನಂತರ 5 ದಿನಕ್ಕೆ ಸರಿಯಾಗಿ ಅಳೆದು ಬೀಸಿಸಿದಾಗ ಐದನೆಯ ಸಂಜೆ ಡಬ್ಬಿಯಲ್ಲಿ ಹಿಟ್ಟು ಉಳಿಯಿತು. ಮುಂದಿನ ಸಲವೂ ಉಳಿಯಿತು. ಅತ್ತೆಯವರು ಹಳೆಯ ಕಾಲದವರು, ಯಾವ ಕೈಗೆ ಎಷ್ಟು ರೊಟ್ಟಿ ಎಂಬುದು ಅವರಿಗೆ ಗೊತ್ತು. ‘ಹಿಟ್ಟ ಯಾಕ ಉಳೀತೈತಿ ಮಗಳ?’ ಎಂದು ಕೇಳಿದರು. ಸೊಸೆ ಉತ್ತರ ಕೊಡಲಿಲ್ಲ. ಕೊಡದಿದ್ದದ್ದೇ ಉತ್ತರವಾಯಿತು.

ಆ ತಾಯಿ ಮಗನಿಗೆ ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮರುದಿನ ಐದೂವರೆಗೆ ತಾವು ಉಂಡು, ಸೆರಗು ಹೊದ್ದು, ಅಂಗಡಿಗೆ ನಡೆದರು. ‘ಏಳಪಾ, ನೀ ಹೋಗಿ ಉಂಡ ಬಾ. ನಾ ಉಂಡೇ ಬಂದೇನಿ’ ಎಂದು ಗಾದಿಯ ಮೇಲೆ ಕೂತರು. ಎಪ್ಪತ್ತು ದಾಟಿದ ತಾಯಿ ಅಂಗಡಿಗೆ ಬಂದು ಕೂತ ಮೇಲೆ ಯಾವ ಮಗ ಇಲ್ಲವೆಂದಾನು? ಎರಡು ತಿಂಗಳು ಹೀಗೆ ನಡೆಯಿತು. ಆ ಅರ್ಧ ತಾಸಿನಲ್ಲಿ ವ್ಯಾಪಾರ ಕೆಟ್ಟಿತೇ ಎಂದು ನಾವು ಆಮೇಲೆ ಮಗನನ್ನೇ ಕೇಳಿದೆವು. ‘ಕುಬಸದ ಖಣ ಅವ್ವನ ಕೈಲೇನ ಹೆಚ್ಚಿಗಿ ಹೋದುವ್ರೀ ಕಾಕಾ’ ಎಂದ. ಹೆಣ್ಣುಮಕ್ಕಳು ಅವರೊಡನೆ ಸಂಕೋಚವಿಲ್ಲದೆ ಆರಿಸಿ ಕೊಳ್ಳುತ್ತಿದ್ದರಂತೆ. ಈಗ ತಾಯಿಗೆ ನಡೆಯಲಾಗದು. ಮಗ ಮಾತ್ರ ಆರು ಹೊಡೆಯುತ್ತಲೇ ತಾನಾಗಿ ಎದ್ದು ಬರುತ್ತಾನೆ.

ಎಲ್ಲ ಮನೆಗಳಲ್ಲಿ ಇಂಥ ತಾಯಿ ಇರಲಾರರು. ಆದರೆ ದಾರಿಗಳು ಬಹಳ ಇವೆ. ಅಕ್ಕಪಕ್ಕದ ಇಬ್ಬರು ಅಂಗಡಿಕಾರರು ಸರದಿಯಿಂದ ಒಬ್ಬರ ಗಲ್ಲೆ ಒಬ್ಬರು ನೋಡಿಕೊಳ್ಳಬಹುದು. ಕೆಲಸದ ಹುಡುಗ ರಾತ್ರಿ ಉಣ್ಣುವವನಾಗಿದ್ದರೆ ಸಂಜೆ ಅರ್ಧ ತಾಸು ಅವನನ್ನು ಕೂಡಿಸಿ, ಬೆಳಿಗ್ಗೆ ಅಷ್ಟೇ ಹೊತ್ತು ತಡವಾಗಿ ಬರಲು ಹೇಳಬಹುದು. ಯಾರೂ ಇಲ್ಲದಿದ್ದರೆ ಬಾಗಿಲು ಮುಂದೆ ಮಾಡಿ ‘6ರಿಂದ 6.30 ಊಟದ ವೇಳೆ’ ಎಂದು ಹಲಗೆ ಹಾಕಿದರೂ ನಡೆಯುತ್ತದೆ. ಊರಿನ ಗಿರಾಕಿ ನಮ್ಮ ರೀತಿಯನ್ನು ಎಂಟು ದಿನದಲ್ಲಿ ಕಲಿಯುತ್ತಾನೆ. ಅರ್ಧ ಕಿಲೋ ಸಕ್ಕರೆಗೆ ಬಂದವನು ತಿರುಗಿ ಬಂದೇ ಬರುತ್ತಾನೆ. ಎತ್ತಿಟ್ಟ ತಾಟು ಅಂದು ತಿರುಗಿ ಬರುವುದಿಲ್ಲ.

ಊಟವಾಗಿ ಸೂರ್ಯ ಮುಳುಗುವವರೆಗೆ ಇನ್ನೂ ಹತ್ತು ಹದಿನೈದು ನಿಮಿಷ ಬೆಳಕಿರುತ್ತದೆ. ಆ ಹೊತ್ತು ಹಿತ್ತಿಲಿನದು. ನಮ್ಮಂಥ ಊರಿನಲ್ಲಿ ತೋಟವೆಂದರೆ ನಾಲ್ಕು ಗಿಡ: ಒಂದು ದುಂಡುಮಲ್ಲಿಗೆ, ಕರಿಬೇವು, ನಿಂಬೆ, ನುಗ್ಗೆ. ಬಚ್ಚಲ ಬದಿಗೆ ಒಂದು ಬಾಳೆ. ಇವಕ್ಕೆ ಬೇರೆ ನೀರು ತರುವ ಶಕ್ತಿ ನಮಗಿಲ್ಲ. ಬೇಸಿಗೆ ಬಿರುಸಾದ ವರ್ಷ ಟ್ಯಾಂಕರಿನ ದಾರಿ ಕಾಯಬೇಕಾಗುತ್ತದೆ. ಅಕ್ಕಿ-ಬೇಳೆ ತೊಳೆದ ನೀರು, ಕಾಯಿಪಲ್ಯೆ ತೊಳೆದ ನೀರು, ಕೈಕಾಲು ತೊಳೆದ ನೀರು, ಇಷ್ಟನ್ನು ಒಂದು ಬಕೀಟಿನಲ್ಲಿ ಹಿಡಿದಿಟ್ಟರೆ ಸಂಜೆಗೆ ಈ ನಾಲ್ಕು ಗಿಡಗಳಿಗೆ ಸಾಲುತ್ತದೆ. ಬಿಸಿನೀರನ್ನು ಮಾತ್ರ ಆರಿಸದೆ ನೆಲಕ್ಕೆ ಸುರಿಯಬಾರದು. ಬೇರಿಗೂ ಕೇಡು, ಮಣ್ಣಿನ ಸಣ್ಣ ಜೀವಿಗಳಿಗೂ ಹಿಂಸೆ. ಬಾವಿಯ ನೀರು ಗಾಳಿಸಿದ ಮೇಲೆ ಅರಿವೆಯಲ್ಲಿ ಉಳಿದ ಜೀವಗಳನ್ನು ನಿಧಾನಕ್ಕೆ ಅದೇ ಬಾವಿಗೆ ಇಳಿಸಿ ಬರುವುದು ಹಿರಿಯರ ಪದ್ಧತಿ. ನಳದ ನೀರು ಬಂದ ಮೇಲೆ ಮಕ್ಕಳಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಬಾವಿಯಿರುವ ಮನೆಯವರು ಮಕ್ಕಳ ಕೈಯಿಂದಲೇ ಒಮ್ಮೆ ಮಾಡಿಸಿ ತೋರಿಸಬೇಕು.

ಮಲ್ಲಿಗೆಗೆ ಬಿಸಿಲೇ ಗೊಬ್ಬರ. ಚಳಿ ಕಳೆದೊಡನೆ ಒಣಟೊಂಗೆ ಸವರಿ ನೀರುಣಿಸಿದರೆ ಚೈತ್ರದಲ್ಲಿ ಮೊಗ್ಗು ಹಿಡಿಯುತ್ತದೆ. ಸಂಜೆ ನೋಡಿದ ಮೊಗ್ಗು ರಾತ್ರಿ ಅರಳಿರುತ್ತದೆ. ಬೆಳಿಗ್ಗೆ ಸ್ನಾನವಾದ ಮೇಲೆ ಅರಳಿದ್ದನ್ನಷ್ಟೇ ಮೆಲ್ಲಗೆ ಬಿಡಿಸಿ, ಒಳಗಿನ ಸಣ್ಣ ಹುಳ ಹಾರಿಹೋಗುವಂತೆ ಒಮ್ಮೆ ಅಲುಗಿಸಿ, ಪೂಜೆಯ ತಟ್ಟೆಗೆ ಇಡುವುದು. ಗೋಡೆಯ ಮೇಲೆ ಒಂದು ಅಗಲ ಬಾಯಿಯ ಮಣ್ಣಿನ ಪರಟಿಯಲ್ಲಿ ಪಕ್ಷಿಗಳಿಗೆ ನೀರಿಟ್ಟರೆ ಗುಬ್ಬಿಗಳು ಕುಡಿಯುವುದಕ್ಕಿಂತ ಹೆಚ್ಚು ಮೀಯುತ್ತವೆ. ಇದಕ್ಕಿಂತ ಕಡಿಮೆ ಖರ್ಚಿನ ಮನರಂಜನೆ ಇನ್ನೊಂದನ್ನು ನಾವು ಕಂಡಿಲ್ಲ. ದಿನಾ ಆ ನೀರು ಚೆಲ್ಲಿ ಹೊಸದು ತುಂಬಬೇಕು, ಇಲ್ಲದಿದ್ದರೆ ಅದರಲ್ಲಿ ಹುಳ ಬೀಳುತ್ತವೆ.

ಹೊತ್ತು ಮುಳುಗಿ ಸಾಮಾಯಿಕ ಮುಗಿದ ಮೇಲೆ ಗೆಳೆಯರ ಸರದಿ. ಬೇವಿನ ಕಟ್ಟೆಯ ಮೇಲೆ ಕೂತರೆ ಒಬ್ಬೊಬ್ಬರೇ ಬಂದು ಸೇರುತ್ತಾರೆ. ಲಿಂಗಾಯತರು, ಮರಾಠರು, ಮುಸಲ್ಮಾನರು, ಪಿಂಚಣಿಯ ಮಾಸ್ತರರು. ಮಾತು ಕನ್ನಡದಲ್ಲಿ ಶುರುವಾಗಿ ಮರಾಠಿಯಲ್ಲಿ ಮುಗಿಯುತ್ತದೆ. ಯಾರಿಗೂ ನಡುವೆ ಗಡಿ ದಾಟಿದ ನೆನಪಿರುವುದಿಲ್ಲ. ರಾತ್ರಿ ನಮ್ಮ ಬಾಯಿಗೆ ಊಟವಿಲ್ಲ ನಿಜ, ಮಾತಿಗೆ ತಡೆಯಿಲ್ಲ.

ಅವರಲ್ಲಿ ಒಬ್ಬರು ಬೆದಾಣೆ ಮಾಡುವವರು. ದ್ರಾಕ್ಷಿಯನ್ನು ದ್ರಾವಣದಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಳಿಗೆಯ ಮೇಲೆ ಹರವಿ ಒಣಗಿಸುತ್ತಾರೆ. ನಾಲ್ಕು ಕಿಲೋ ದ್ರಾಕ್ಷಿಗೆ ಹೆಚ್ಚುಕಡಿಮೆ ಒಂದು ಕಿಲೋ ಬೆದಾಣೆ. ಮಾಲು ತಾಸಗಾವ, ಸಾಂಗಲಿಯ ಪೇಟೆಗೆ ಹೋಗುತ್ತದೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಅವರ ಶೆಡ್ಡಿನ ಗಾಳಿಯೇ ಸಿಹಿ. ಆದರೆ ಆ ದಿನಗಳಲ್ಲಿ ಅವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಲೇ ಮೇಲೆ ನೋಡುತ್ತಿರುತ್ತಾರೆ. ಅಕಾಲದ ಮಳೆ ಒಂದು ತಾಸು ಬಿದ್ದು ತಂಪು ಹಿಡಿದರೆ ಮಾಲು ಕಪ್ಪಾಗಿ ಧಾರಣೆ ಇಳಿಯುತ್ತದೆ. ಮಿಕ್ಕವರಿಗೆ ಬೇಸಿಗೆಯ ಮೋಡ ತಂಪು ತರುತ್ತದೆ, ಅವರಿಗೆ ನಿದ್ದೆ ಕೆಡಿಸುತ್ತದೆ. ಗೆಳೆಯರೆಂದ ಮೇಲೆ ‘ಇವತ್ತ ಮಳಿ ಬಂದ್ರ ಚಲೋ ಆಗತಿತ್ತು’ ಎಂಬ ಮಾತನ್ನು ಅವರೆದುರಿಗೆ ನಾವು ಯಾರೂ ಆಡುವುದಿಲ್ಲ.

ಇನ್ನೊಬ್ಬರು ಹಣ್ಣಿನ ವ್ಯಾಪಾರದ ಬಾಗವಾನರು. ಮೊದಲೆಲ್ಲ ರಾತ್ರಿ ಪೇಟೆಯಿಂದ ಬರುತ್ತ ಕಲ್ಲಂಗಡಿ ತಂದು ಕಟ್ಟೆಯ ಮೇಲೆಯೇ ಕೊಯ್ಯುತ್ತಿದ್ದರು. ನಾವು ಮುಟ್ಟುವುದಿಲ್ಲವೆಂದು ಕಂಡ ಮೇಲೆ ಯಾರೂ ಹೇಳದೆಯೇ ಐದು ಗಂಟೆಗೆ ಮನೆಗೆ ಕಳಿಸತೊಡಗಿದರು. 2023ರಲ್ಲಿ ಯುಗಾದಿ ಮಾರ್ಚ್ 22ಕ್ಕೆ ಬಂತು. ಎರಡೇ ದಿನಕ್ಕೆ, 24ರಿಂದ, ರಮಜಾನ್ ಉಪವಾಸ ಹಿಡಿಯಿತು. ಆ ತಿಂಗಳು ಸಂಜೆ 6 ಗಂಟೆ 40 ನಿಮಿಷದ ಸುಮಾರಿಗೆ ನಾವು ಕೈ ತೊಳೆದು ಹೊರಗೆ ಬರುವುದಕ್ಕೂ ಅವರು ರೋಜಾ ಬಿಡಲು ಖರ್ಜೂರ ಕೈಗೆ ತೆಗೆದುಕೊಳ್ಳುವುದಕ್ಕೂ ಸರಿಯಾಗುತ್ತಿತ್ತು. ಒಂದೇ ಸೂರ್ಯಾಸ್ತವನ್ನು ಇಬ್ಬರೂ ಗಡಿಯಾರ ನೋಡಿ ಕಾಯುತ್ತಿದ್ದೆವು. ‘ಅಣ್ಣಾ, ನಿಮ್ಮ ಬಾಗಲಾ ಹಾಕಿದ ಹೊತ್ತಿಗಿ ನಮ್ಮ ಬಾಗಲಾ ತೆರಿತೈತಿ ನೋಡ್ರಿ’ ಎಂದು ಅವರು ನಕ್ಕರು. ಮುಂಬಯಿಯ ವೇಳೆ ಇಲ್ಲಿಗೆ ಹೊಂದುವುದಿಲ್ಲವೆಂಬ 10 ನಿಮಿಷದ ಲೆಕ್ಕವನ್ನು ನಮ್ಮಷ್ಟೇ ಬಿಗಿಯಾಗಿ ಹಿಡಿದವರು ನಮ್ಮ ಕಟ್ಟೆಯ ಮೇಲೆ ಅವರೊಬ್ಬರೇ.

ವಸಂತದ ಕೊನೆಯ ದೊಡ್ಡ ಪರ್ವ ವೈಶಾಖ ಶುದ್ಧ ಅಕ್ಷಯ ತೃತೀಯ. ಈಗ ಪೇಟೆಯಲ್ಲಿ ಅದು ಬಂಗಾರ ಕೊಳ್ಳುವ ದಿನವಾಗಿದೆ. ಅದರ ಮೂಲ ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಆದಿನಾಥ ಸ್ವಾಮಿ ದೀಕ್ಷೆ ವಹಿಸಿ ಆರು ತಿಂಗಳ ಉಪವಾಸ ಮುಗಿಸಿ ಆಹಾರಕ್ಕೆ ಹೊರಟಾಗ, ಊರೂರಲ್ಲಿ ಜನ ಎದುರು ಬಂದು ಆನೆ, ಕುದುರೆ, ರತ್ನ, ವಸ್ತ್ರಗಳನ್ನು ತಂದೊಪ್ಪಿಸಿದರು. ಒಂದು ತುತ್ತು ಆಹಾರವನ್ನು ಹೇಗೆ ಕೊಡಬೇಕೆಂಬುದು ಯಾರಿಗೂ ತಿಳಿದಿರಲಿಲ್ಲ. ಸ್ವಾಮಿ ಇನ್ನೂ ಹಲವು ತಿಂಗಳು ಬರಿಗೈಯಿಂದ ಮರಳಬೇಕಾಯಿತು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸನಿಗೆ ಪೂರ್ವಜನ್ಮದ ಸ್ಮರಣೆಯಾಗಿ, ವಿಧಿಪೂರ್ವಕ ಕಬ್ಬಿನ ಹಾಲಿನ ಆಹಾರ ಕೊಟ್ಟ. ಪಂಪನ ಆದಿಪುರಾಣ ಓದಿದವರಿಗೆ ಈ ಪ್ರಸಂಗ ಪರಿಚಿತ.

ಈ ಕಥೆಯನ್ನು ಮುನಿಗಳಿಗೆ ಆಹಾರ ಕೊಡುವ ವಿಧಿಗಾಗಿ ಹೇಳುತ್ತಾರೆ. ಗೃಹಸ್ಥನಿಗೂ ಅದರಲ್ಲಿ ಒಂದು ಮಾತಿದೆ ಎಂದು ನಮಗೆ ಅನಿಸುತ್ತದೆ. ಆ ಜನರೂ ಕೊಡುವ ಮನಸ್ಸಿನವರೇ, ಶ್ರೀಮಂತರೇ. ರತ್ನ ಕೊಡಲು ಸಿದ್ಧರಿದ್ದರು; ಬೇಕಾದದ್ದು ಸರಿಯಾದ ವೇಳೆಗೆ ಸರಿಯಾದ ರೀತಿಯ ಒಂದು ಊಟ. ಮನೆಯವರಿಗೆ ಅಕ್ಷಯ ತೃತೀಯಕ್ಕೆ ಬಂಗಾರ ತರುವ ನಮ್ಮ ವ್ಯಾಪಾರಿಗಳು, ಅದೇ ಮನೆಯವರು ಎಷ್ಟು ಸಂಜೆ ತಾಟು ಎತ್ತಿಟ್ಟರೆಂಬ ಲೆಕ್ಕವನ್ನೂ ಒಮ್ಮೆ ತೆಗೆದು ನೋಡಬೇಕು.

ಆದ್ದರಿಂದ ಒಂದು ಸೂಚನೆ. ವ್ರತವೆಂದೊಡನೆ ಆಜೀವವೆಂದು ಹೆದರುವ ಕಾರಣವಿಲ್ಲ. ಜೀವನಪರ್ಯಂತ ಹಿಡಿಯುವುದು ಯಮ, ಕಾಲದ ಮಿತಿಯಿಟ್ಟು ಹಿಡಿಯುವುದು ನಿಯಮ ಎಂದು ಸಮಂತಭದ್ರರು ಬೇರೆ ಬೇರೆ ಹೇಳಿದ್ದಾರೆ. ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ, ಹೀಗೆ ಕಾಲದ ಅಳತೆಗಳನ್ನೂ ಅವರೇ ಎಣಿಸಿಕೊಟ್ಟಿದ್ದಾರೆ. ಋತುವಿನ ನಿಯಮವೆಂದರೆ ಚೈತ್ರ-ವೈಶಾಖದ ಎರಡು ತಿಂಗಳು. ಸೂರ್ಯನೇ ಒಂದು ಮುಹೂರ್ತ ಕೊಟ್ಟು ಸಹಾಯ ಮಾಡುವ ಈ ಋತುವಿನಲ್ಲಿ, ಹೊತ್ತು ಮುಳುಗುವ ಮೊದಲು ಮನೆಯವರೆಲ್ಲ ಕೂಡಿ ಉಣ್ಣುವ ನಿಯಮ ಹಿಡಿದು ನೋಡಬಹುದು. ಎರಡು ತಿಂಗಳು ಹೆಚ್ಚೆನಿಸಿದರೆ ಯುಗಾದಿಯ ಪಾಡ್ಯದಿಂದ ಮಹಾವೀರ ಜಯಂತಿಯ ತ್ರಯೋದಶಿಯವರೆಗೆ ಹದಿಮೂರು ತಿಥಿ ಸಾಕು. ಪುಣೆ, ಬೆಂಗಳೂರಿನಲ್ಲಿ ನೌಕರಿಯಿಂದ ಏಳಕ್ಕೆ ಬಿಡುಗಡೆಯಾಗುವ ಮಕ್ಕಳಿಗೆ ಅದೂ ಆಗದಿದ್ದರೆ ರವಿವಾರ ಇದೆಯಲ್ಲ. ಆ ಒಂದು ಸಂಜೆ ಫೋನುಗಳನ್ನು ದೂರವಿಟ್ಟು, ಕಿಟಕಿಯ ಬೆಳಕಿರುವಾಗಲೇ ಉಣ್ಣಲಿ. ಗಿಡಕ್ಕೆ ನೀರು ಹಾಕಲು ಅಂಗಳವಿಲ್ಲದಿದ್ದರೆ ಒಂದು ಕುಂಡ ಸಾಕು.

ಅಂಗಡಿಯ ಬಂಧುಗಳಿಗೆ ಮಾತ್ರ ಒಂದು ವಿನಂತಿ. ಈ ಸಂಚಿಕೆ ನಿಮ್ಮ ಕೈಸೇರುವಾಗ ಚೈತ್ರ ಹತ್ತಿರವಿರುತ್ತದೆ. ಆರು ಗಂಟೆಗೆ ‘ಬಂದೆ, ಹತ್ತು ಮಿನಿಟು’ ಎಂದು ಫೋನು ಮಾಡುವ ಬದಲು ಏಳಿರಿ.

ಜೈ ಜಿನೇಂದ್ರ.